ದುಭಾಷಿಯ ಕುರ್ಚಿ

ಸಂಡರ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ನನ್ನ ಕುರ್ಚಿ
ಯಾವಾಗಲೂ ಒಂದು ಮೊಳ ಹಿಂದೆ,
ಇಬ್ಬರಿಗೂ ಕೇಳುವಂತೆ, ಯಾರಿಗೂ ಎದುರಾಗದಂತೆ.
ನಿಯಮ ಒಂದೇ: ಅವರು 'ನಾನು' ಎಂದರೆ
ನಾನೂ 'ನಾನು' ಎನ್ನಬೇಕು.
ಹನ್ನೊಂದು ವರ್ಷದಿಂದ ಯಾರ್ಯಾರದೋ ಮಂಡಿನೋವು,
ಬಿದ್ದುಹೋದ ಗರ್ಭ, ವೀಸಾದ ಚಿಂತೆ
ನನ್ನವೇ ಎಂಬಂತೆ ಆಡಿ, ಸಂಜೆ ಮೆಟ್ರೋ ಹತ್ತಿದ್ದೇನೆ.

ಹೆಸರು ಹೇಳುವಂತಿಲ್ಲ. ವಾರಿಜ ಎಂದುಕೊಳ್ಳಿ.
ನಲವತ್ತಾರು. ಹುಟ್ಟಿದ್ದು ಇಲ್ಲೇ, ತೆರಿಗೆ ಕಚೇರಿಯಲ್ಲಿ ಕೆಲಸ,
ನಾಲಿಗೆಯ ಮೇಲೆ ಈ ಊರಲ್ಲಿ ಹಡಗು ಕಟ್ಟುತ್ತಿದ್ದವರ ಇಂಗ್ಲಿಷು.
ಕನ್ನಡ? 'ಒಂದಕ್ಷರ ಬಾರದು,' ಅಂದರು ಮೊದಲ ದಿನ,
'ನಿಮ್ಮನ್ನು ಯಾಕೆ ಕರೆಸಿದರೋ.'

ನನ್ನನ್ನು ಕರೆಸಿದ್ದು ಇನ್ನೊಬ್ಬಳಿಗೆ.
ಮೂರೂ ಹತ್ತರ ಹೊತ್ತಿಗೆ ಕಿಟಕಿಯಾಚೆ
ಯಾರೋ ಕಾರಿನ ಬಾಗಿಲು ಬಡಿದರು, ಅಷ್ಟೇ.
ಹೆಗಲು ಕುಗ್ಗಿತು. ಪಾದಗಳು ಒಳಮುಖವಾದವು.
ಐದು ವರ್ಷದ ಧಾರವಾಡದ ಕನ್ನಡ ಕೇಳಿತು:
'ಚಿಲಕಾ ಹಾಕ್ಯಾರೇನು?'

'ನೀವು' ಎನ್ನಲು ತೆರೆದ ಬಾಯಿ ಹಾಗೇ ನಿಂತಿತು.
ಇಂಗ್ಲಿಷಿಗೆ ಈ ಕಷ್ಟವಿಲ್ಲ,
ಹೆಂಗಸೂ ಮಗುವೂ ಒಂದೇ ಪದದಲ್ಲಿ ಹಿಡಿಯುತ್ತಾರೆ.
ಡಾಕ್ಟರು ಆ ಪದ ಎಸೆದರು. ಆರಿಸಬೇಕಾದವಳು ನಾನು.
'ಇಲ್ಲವ್ವಾ,' ಅಂದೆ, 'ಹಿಡಿಕೆ ನಿನ್ನ ಕಡೇನ ಐತಿ.'
ಚಿತ್ರದುರ್ಗದವಳು ನಾನು. ಆ 'ಕಡೇನ'
ಎಲ್ಲಿಂದ ಬಂತೋ.

ಅವಳೊಬ್ಬಳೇ ಅಲ್ಲ.
ಡಂಕನ್ ಇದ್ದಾನೆ, ಹದಿನಾಲ್ಕರ ಹುಡುಗ,
ಬೈಗುಳವೇ ಅವನ ಕಾವಲು ಕೋಲು.
ಹೆಸರಿಲ್ಲದ, ಮಾತೂ ಇಲ್ಲದ ಒಬ್ಬಳು
ಎಡಗೈಯಲ್ಲಿ ಅಂಕಿ ಬರೆಯುತ್ತಾಳೆ:
ಗೋಡೆಯ ಕಾಗದದಲ್ಲಿ ಗುಲಾಬಿ ಒಂಬೈನೂರ ಹನ್ನೆರಡು,
ಮಂಚದ ಹಿಂದೆ ಅರ್ಧ ಹೂ ಮೂರು.

ನನ್ನ ಪದಕೋಶ ಇದನ್ನು 'ವಿಘಟನೆ' ಎನ್ನುತ್ತದೆ,
ಎಲ್ಲೋ ಕಲ್ಲಿದ್ದಲ ಗಣಿ ಕುಸಿದ ಸದ್ದು.
ನಮ್ಮೂರಾಗಿದ್ದರೆ ಮೆಟ್ಟಿಕೊಂಡಿದೆ ಎಂದು
ಬೇವಿನ ಸೊಪ್ಪು ತರುತ್ತಿದ್ದರು.
ಸುಳ್ಳೇಕೆ, ಮೊದಲೆರಡು ವಾರ ನಾನೂ
ದೀಪ ಆರಿಸದೆ ಮಲಗಿದೆ.
ಹೊರಗಿನಿಂದ ಬಂದು ಸೇರಿದವರು ಅವರಲ್ಲಿ ಯಾರೂ ಇಲ್ಲ
ಎಂದು ತಿಳಿಯಲು ತಡವಾಯಿತು.
ಚಿಲಕ ಹಾಕಿದವನೂ
ಹೊರಗಿನವನಾಗಿರಲಿಲ್ಲ.

ಹಂಚಿ ಉಣ್ಣು ಎನ್ನುತ್ತೇವೆ ಮಕ್ಕಳಿಗೆ.
ಐದು ವರ್ಷದ ಹೊಟ್ಟೆಗೆ ಹಿಡಿಸದಷ್ಟು ರಾತ್ರಿ
ತಟ್ಟೆಗೆ ಬಿದ್ದಾಗ, ಜೊತೆಗೆ ಯಾರೂ ಇಲ್ಲದ್ದಕ್ಕೆ
ತನ್ನನ್ನೇ ಪಂಕ್ತಿಗೆ ಕೂರಿಸಿ ಬಡಿಸಿದಳು.
ಒಬ್ಬಳಿಗೆ ಹೂ. ಒಬ್ಬನಿಗೆ ಸಿಟ್ಟು.
ಬಾಗಿಲ ಸದ್ದು ಈ ಚಿಕ್ಕವಳಿಗೆ.
ಬೆಳಿಗ್ಗೆ ಎದ್ದು, ಜಡೆ ಹೆಣೆಸಿಕೊಂಡು
ಸ್ಪೆಲಿಂಗಿನಲ್ಲಿ ಹತ್ತಕ್ಕೆ ಹತ್ತು ತಂದವಳಿಗೆ
ಏನೂ ಇಲ್ಲ. ಅದೇ ಅವಳ ಪಾಲು.
ಕನ್ನಡವೂ ಆ ಕೋಣೆಯಲ್ಲೇ ಉಳಿಯಿತು.

ಕಳೆದ ಬುಧವಾರ ಚಿಕ್ಕವಳು ಕೇಳಿದಳು,
'ಇವರ ಹೆಸರೇನ?'
'ಹೆದರಿಂಗ್ಟನ್.'
'ಹೆದರಿ?' ಕಣ್ಣು ಅರಳಿತು. 'ಹೆಸರಾಗ ಹೆದರಿ ಐತಿ!'
ನಕ್ಕಳು, ಬಾಯಿಗೆ ಅಂಗೈ ಒತ್ತಿ, ಸದ್ದಾಗದಂತೆ,
ಗೋಡೆಯಾಚೆ ಯಾರೋ ಮಲಗಿರುವ ಹಾಗೆ.

ನಿಯಮದಂತೆ ನಗೆಯನ್ನೂ ದಾಟಿಸಬೇಕು.
ಹೆದರುವುದು ಎಂದರೆ ಹೀಗೆ, ಹೆದರಿ ಎಂದರೆ ಹೀಗೆ,
ನಿಮ್ಮ ಹೆಸರಿನ ಮೊದಲರ್ಧ ಹೀಗೆ,
ಬಿಡಿಸಿ ಹೇಳಿ ಡಾಕ್ಟರು ನಗುವಷ್ಟರಲ್ಲಿ
ಮಗು ಹೋಗಿಬಿಟ್ಟಿತ್ತು.

ವಾರಿಜ ಗೋಡೆಯ ಗಡಿಯಾರ ನೋಡಿದರು.
'ಹದಿನೇಳು ನಿಮಿಷ,' ತಮಗೇ ಹೇಳಿಕೊಂಡರು,
ಚಿಲ್ಲರೆ ಎಣಿಸುವ ದನಿಯಲ್ಲಿ.
ಆಮೇಲೆ ನನ್ನ ಕಡೆ ತಿರುಗಿ,
ಈ ಊರಿನ ಇಂಗ್ಲಿಷಿನಲ್ಲಿ, 'ನಾನು ಏನಂದೆ?'

ಅವಳು ನಕ್ಕಳು ಎನ್ನಲೇ, ನೀವು ನಕ್ಕಿರಿ ಎನ್ನಲೇ.
ಡಾಕ್ಟರು ಹೇಳಿ ಎಂಬಂತೆ ತಲೆಯಾಡಿಸಿದರು.
'ನಾನು ನಕ್ಕೆ,' ಅಂದೆ, ಕನ್ನಡದಲ್ಲೇ.

ಅವರಿಗೆ ಅರ್ಥವಾಗಿರಲಾರದು.
ಆದರೂ ಕೈ ಮೇಲೆದ್ದು ತುಟಿಯ ಹತ್ತಿರ ಹೋಯಿತು,
ಅಂಗೈ ಇನ್ನೂ ಒದ್ದೆಯಿತ್ತು.